ಗೂಗಲ್‌ಗೆ ಸೈಕಲ್ ಸವಾರಿ: ವಾರಾಂತ್ಯದ ಸ್ಕೌಟ್ ಶಿಬಿರ ನಡೆಯೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ಸಂಚಿಕೆಯಲ್ಲಿ ಗೂಗಲ್‌ಗೆ ಹೋಗೋಣ. ಫೋನ್‌ನಲ್ಲಿರೋ ಗೂಗಲ್‌ಗಲ್ಲ, ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಗೂಗಲ್ ಅನ್ನೋ ಊರಿಗೆ. ಕೃಷ್ಣಾ ನದಿ ದಂಡೆಯ ಈ ಊರಿನ ಹೆಸರು ಆ ಕಂಪನಿಗಿಂತ ಎಷ್ಟೋ ಹಳೆಯದು. 12ನೇ ಶತಮಾನದ ಶರಣ ಅಲ್ಲಮಪ್ರಭು ಇಲ್ಲಿನ ಕಲ್ಲಿನ ಗವಿಯಲ್ಲಿ ತಂಗಿದ್ರು, ‘ಗವಿಗಲ್ಲು’ ಅನ್ನೋದೇ ಬಾಯಿಂದ ಬಾಯಿಗೆ ಸವೆದು ‘ಗೂಗಲ್’ ಆಯ್ತು ಅಂತ ಊರಿನವರು ಹೇಳ್ತಾರೆ. ಪ್ರಭುಸ್ವಾಮಿಯ ಗುಡಿ ಇದೆ, ಹೊಳೆ ಇದೆ, ಹೊಳೆಗೆ ಅಡ್ಡಲಾಗಿ ಬ್ರಿಜ್ ಕಂ ಬ್ಯಾರೇಜ್ ಇದೆ. ಆಚೆ ದಂಡೆಗೆ ದಾಟಿದ್ರೆ ಯಾದಗಿರಿ ಜಿಲ್ಲೆ.

ಇಂಥ ಊರಿಗೆ ಎಂಟು ಮಕ್ಕಳ ಒಂದು ಸ್ಕೌಟ್ ತಂಡ ಶನಿವಾರ ಸೈಕಲ್ ಮೇಲೆ ಹೋಗಿ, ಒಂದು ರಾತ್ರಿ ಉಳಿದು, ಭಾನುವಾರ ವಾಪಸ್ ಬರಬೇಕು ಅಂತ ಇಟ್ಕೊಳ್ಳಿ. ಏನೇನು ಬೇಕು? ಎಲ್ಲಿ ಎಡವಟ್ಟಾಗುತ್ತೆ? ಮತ್ತೆ ಈ ಭಾಗದಲ್ಲಿ ಇಂಥ ಶಿಬಿರಗಳು ಯಾಕೆ ಅಷ್ಟು ಸುಲಭವಾಗಿ ನಡೆಯಲ್ಲ? ಒಂದೊಂದಾಗಿ ನೋಡೋಣ.

ಮೊದಲು, ಸ್ಕೌಟ್ ಅಂದ್ರೆ ಏನು?

ನಮ್ಮಲ್ಲಿ ಬಹಳ ಜನರಿಗೆ ಸ್ಕೌಟ್ ಅಂದ್ರೆ ಆಗಸ್ಟ್ 15ಕ್ಕೆ ಸ್ಕಾರ್ಫ್ ಕಟ್ಟಿಕೊಂಡು ಪರೇಡ್ ಮಾಡೋ ಮಕ್ಕಳು ಅಷ್ಟೇ. ಆದ್ರೆ ಇದು ಶುರುವಾಗಿದ್ದೇ ಶಿಬಿರದಿಂದ. 1907ರ ಆಗಸ್ಟ್ ಮೊದಲ ವಾರ ಇಂಗ್ಲೆಂಡಿನ ಬ್ರೌನ್‌ಸೀ ಅನ್ನೋ ದ್ವೀಪದಲ್ಲಿ ಬೇಡನ್ ಪೊವೆಲ್ ಅನ್ನೋ ಸೇನಾಧಿಕಾರಿ ಸುಮಾರು 20 ಹುಡುಗರನ್ನು ಕಟ್ಟಿಕೊಂಡು ಟೆಂಟ್ ಹಾಕಿದ್ರು. ಅದರಲ್ಲಿ ಒಂದು ವಿಶೇಷ ಇತ್ತು. ಕೆಲವರು ದುಬಾರಿ ಶಾಲೆಗಳ ಶ್ರೀಮಂತ ಮಕ್ಕಳು, ಕೆಲವರು ಅಕ್ಕಪಕ್ಕದ ಊರುಗಳ ದುಡಿಯೋ ಕುಟುಂಬಗಳ ಹುಡುಗರು. ಎಲ್ಲರನ್ನೂ ಬೆರೆಸಿ ಸಣ್ಣ ಸಣ್ಣ ಗುಂಪು ಮಾಡಿದ್ರು. ಅದೇ ‘ಪೆಟ್ರೋಲ್’ ಪದ್ಧತಿ. ಇವತ್ತಿಗೂ ಸ್ಕೌಟಿಂಗ್‌ನ ಬೆನ್ನೆಲುಬು ಅದೇ: ಆರರಿಂದ ಎಂಟು ಮಕ್ಕಳು, ಅವರಲ್ಲೇ ಒಬ್ಬ ಲೀಡರ್.

ಭಾರತಕ್ಕೆ ಇದು ಬಂದಿದ್ದು ನಮ್ಮ ಬೆಂಗಳೂರಿನ ಮೂಲಕ. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಇಲ್ಲಿ ಮೊದಲ ತಂಡ ಕಟ್ಟಿದ್ರು. ಆದ್ರೆ ಆಗ ಭಾರತೀಯ ಮಕ್ಕಳಿಗೆ ಅದರಲ್ಲಿ ಜಾಗ ಇರಲಿಲ್ಲ. ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಮುಂದೆ ಆನಿ ಬೆಸೆಂಟ್ ಅಂಥವರು ಭಾರತೀಯ ಮಕ್ಕಳಿಗಾಗಿಯೇ ಬೇರೆ ಸಂಘ ಕಟ್ಟಬೇಕಾಯ್ತು. ಸ್ವಾತಂತ್ರ್ಯದ ನಂತರ 1950ರ ನವೆಂಬರ್ 7ರಂದು ಬೇರೆ ಬೇರೆ ಸ್ಕೌಟ್ ಸಂಘಗಳು ಒಂದಾಗಿ ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಆಯ್ತು. ಮರುವರ್ಷ ಹುಡುಗಿಯರ ಗೈಡ್ ಸಂಘವೂ ಸೇರಿತು. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೀತಲ್ಲ, ಸಾವಿರಾರು ಮಕ್ಕಳು ಒಂದು ವಾರ ಒಟ್ಟಿಗೆ ಇದ್ದಿದ್ದು, ಅದೂ ಇದೇ ಚಳವಳಿಯ ಭಾಗ.

ಜಾಂಬೂರಿ ಅಂದ್ರೆ ಜಾತ್ರೆ ಇದ್ದ ಹಾಗೆ. ಆದ್ರೆ ಸ್ಕೌಟಿಂಗ್‌ನ ನಿಜವಾದ ಪಾಠ ಆಗೋದು ಎಂಟು ಜನರ ಸಣ್ಣ ಶಿಬಿರದಲ್ಲಿ. ಯಾಕಂದ್ರೆ ಅಲ್ಲಿ ಅಡುಗೆ ಭಟ್ಟರು ಇರಲ್ಲ, ಸ್ಟೇಜ್ ಇರಲ್ಲ, ಮೈಕ್ ಇರಲ್ಲ. ಅನ್ನ ಸೀದು ಹೋದ್ರೆ ಸೀದ ಅನ್ನವನ್ನೇ ತಿನ್ನಬೇಕು.

ಯಾವಾಗ ಹೋಗೋದು?

ರಾಯಚೂರಿನ ಬಿಸಿಲು ಗೊತ್ತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಆಗ ಮಕ್ಕಳನ್ನು ಸೈಕಲ್ ಮೇಲೆ ಕರ್ಕೊಂಡು ಹೋಗೋದು ಸಾಹಸ ಅಲ್ಲ, ಅಪಾಯ. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಇಲ್ಲಿರೋದು ಎರೆ ಭೂಮಿ. ಮಳೆ ಬಿದ್ರೆ ಕರಿಮಣ್ಣು ಟೈರಿಗೆ, ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ಚಕ್ರವೇ ತಿರುಗಲ್ಲ; ಸೈಕಲ್ ನಿಮ್ಮನ್ನ ಹೊರೋ ಬದಲು ನೀವು ಸೈಕಲ್ ಹೊರಬೇಕು. ಹಾಗಾಗಿ ಉಳಿಯೋದು ನವೆಂಬರ್‌ನಿಂದ ಫೆಬ್ರವರಿ.

ಇಲ್ಲೇ ಬರೋದು ನಿಜವಾದ ಸಮಸ್ಯೆ. ಇದೇ ನಾಲ್ಕು ತಿಂಗಳು ಹತ್ತಿ ಬಿಡಿಸೋ ಕಾಲ. ದೇವದುರ್ಗ, ಮಾನ್ವಿ ಕಡೆ ಹತ್ತಿ ಒಡೆದು ಹೊಲ ಬೆಳ್ಳಗಾದಾಗ ಕೈಗಳು ಸಾಲಲ್ಲ. ಶನಿವಾರ ಮಧ್ಯಾಹ್ನ, ಭಾನುವಾರ ಅಪ್ಪ ಅಮ್ಮನ ಜೊತೆ ಮಕ್ಕಳೂ ಹೊಲಕ್ಕೆ ಹೋಗೋದು ಗುಟ್ಟೇನಲ್ಲ. ಹತ್ತಿ ಮುಗೀತಿದ್ದ ಹಾಗೆ ಮೆಣಸಿನಕಾಯಿ. ಅದೂ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈ ಕಡೆ ಗುಳೆ ಹೊರಡ್ತವೆ. ಪಟ್ಟಣದ ಮಗುವಿಗೆ ವಾರಾಂತ್ಯ ಅಂದ್ರೆ ರಜೆ. ಇಲ್ಲಿನ ಎಷ್ಟೋ ಮಕ್ಕಳಿಗೆ ವಾರಾಂತ್ಯ ಅಂದ್ರೆ ಕೆಲಸದ ದಿನ.

14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚೋದು ಕಾನೂನು ಪ್ರಕಾರ ತಪ್ಪು. ಶಾಲೆ ಮುಗಿದ ಮೇಲೆ ಮನೆಯವರಿಗೆ ಸ್ವಂತ ಹೊಲದಲ್ಲಿ ಕೈಜೋಡಿಸಬಹುದು ಅಷ್ಟೇ. ಆದ್ರೆ ಕಾನೂನು ಹೇಳಿ ಯಾವ ತಾಯಿಯನ್ನೂ ಶಿಬಿರಕ್ಕೆ ಒಪ್ಪಿಸೋಕೆ ಆಗಲ್ಲ. ಜಾಣ ಸ್ಕೌಟ್ ಮಾಸ್ಟರ್ ಮಾಡೋದೇನಂದ್ರೆ, ಮೊದಲು ಕ್ಯಾಲೆಂಡರ್ ನೋಡಲ್ಲ, ಹೊಲ ನೋಡ್ತಾರೆ. ಮೊದಲ ಬಿಡಿ ಮುಗಿದು ಎರಡನೆಯದಕ್ಕೆ ಹೊಲ ಕಾಯ್ತಿರೋ ವಾರ ಯಾವುದು ಅಂತ ಮನೆಗಳಲ್ಲಿ ಕೇಳ್ತಾರೆ. ಎರಡು ರಾತ್ರಿಯ ಬದಲು ಒಂದೇ ರಾತ್ರಿ ಇಟ್ಕೊಳ್ತಾರೆ. ಭಾನುವಾರ ಮಧ್ಯಾಹ್ನದೊಳಗೆ ಮನೆ ಮುಟ್ಟಿಸ್ತೀವಿ ಅಂತ ಮಾತು ಕೊಟ್ಟು, ಹಾಗೇ ಮುಟ್ಟಿಸ್ತಾರೆ. ಒಮ್ಮೆ ಮಾತು ಉಳಿಸಿಕೊಂಡ್ರೆ ಮುಂದಿನ ಸಲ ಕಳಿಸೋದು ಸುಲಭ.

ಸೈಕಲ್: ಇದ್ದದ್ದೇ ಸಾಕು

ಗೇರ್ ಸೈಕಲ್ ಬೇಕಾ? ಬೇಡ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋ ಯೋಜನೆ ಶುರು ಮಾಡಿತ್ತು. ಕೋವಿಡ್ ಕಾಲಕ್ಕೆ ಅದು ನಿಂತುಹೋಯ್ತು. ಆದ್ರೂ ಹಳ್ಳಿಗಳಲ್ಲಿ ಅಕ್ಕ ಓಡಿಸಿದ ಸೈಕಲನ್ನ ತಮ್ಮ ಓಡಿಸ್ತಿರೋದನ್ನ ನೋಡಬಹುದು. ಆ ಕಬ್ಬಿಣದ, ಕ್ಯಾರಿಯರ್ ಇರೋ, ಒಂದೇ ಗೇರಿನ ಸೈಕಲ್ ಈ ಬಯಲು ನಾಡಿಗೆ ಹೇಳಿ ಮಾಡಿಸಿದಂಗಿದೆ.

ಹೊರಡೋ ಹಿಂದಿನ ದಿನ ಮೂರು ವಿಷಯ ನೋಡಿ: ಗಾಳಿ, ಬ್ರೇಕ್, ಚೈನ್. ಟೈರನ್ನ ಹೆಬ್ಬೆರಳಿಂದ ಒತ್ತಿದ್ರೆ ಗಟ್ಟಿ ಇರಬೇಕು. ಎರಡೂ ಬ್ರೇಕ್ ಹಿಡಿದು ಸೈಕಲ್ ಮುಂದೆ ತಳ್ಳಿದ್ರೆ ಚಕ್ರ ಉರುಳಬಾರದು. ಚೈನ್ ಒಣಗಿರಬಾರದು, ಜೋಲಾಡಬಾರದು. ಸೀಟ್ ಎತ್ತರವನ್ನೂ ನೋಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮೊಣಕಾಲು ಸ್ವಲ್ಪ ಮಾತ್ರ ಬಾಗಿರಬೇಕು. ಸೀಟ್ ತಗ್ಗಿದ್ರೆ ಹತ್ತು ಕಿಲೋಮೀಟರ್‌ಗೇ ಮೊಣಕಾಲು ನೋಯೋಕೆ ಶುರುವಾಗುತ್ತೆ.

ಪಂಕ್ಚರ್ ಅಂತೂ ಆಗೇ ಆಗುತ್ತೆ. ಕಾರಣ ಬಳ್ಳಾರಿ ಜಾಲಿ. ರಸ್ತೆ ಬದಿ, ಕಾಲುವೆ ಬದಿ, ಎಲ್ಲಿ ನೋಡಿದ್ರೂ ಅದೇ ಮುಳ್ಳು. ಹಾಗಾಗಿ ತಂಡದಲ್ಲಿ ಪ್ರತಿಯೊಬ್ಬರಿಗೂ ಪಂಕ್ಚರ್ ಹಾಕೋಕೆ ಬರಬೇಕು. ಟ್ಯೂಬ್ ತೆಗೀರಿ, ಗಾಳಿ ತುಂಬಿ ನೀರಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಬರುತ್ತೆ ನೋಡಿ. ಒರೆಸಿ ಒಣಗಿಸಿ, ಮರಳು ಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಕೆಲವು ನಿಮಿಷ ಆರೋಕೆ ಬಿಡಿ, ಆಮೇಲೆ ಪ್ಯಾಚ್ ಒತ್ತಿ. ಬಹಳ ಜನ ಮರೆಯೋದು ಮುಂದಿನ ಹೆಜ್ಜೆಯನ್ನ: ಟೈರಿನ ಒಳಗೆ ಹುಷಾರಾಗಿ ಬೆರಳಾಡಿಸಿ ಮುಳ್ಳು ಇನ್ನೂ ಅಲ್ಲೇ ಇದೆಯಾ ನೋಡಬೇಕು. ಇಲ್ಲಾಂದ್ರೆ ಐದು ನಿಮಿಷಕ್ಕೆ ಮತ್ತೆ ಪಂಕ್ಚರ್. ಅಂದಹಾಗೆ ಸ್ಕೌಟ್‌ಗಳಿಗೆ ಸೈಕ್ಲಿಸ್ಟ್ ಅಂತಲೇ ಒಂದು ಬ್ಯಾಡ್ಜ್ ಇದೆ.

ರಸ್ತೆಯ ಲೆಕ್ಕ

ನಿಮ್ಮ ಶಾಲೆಯಿಂದ ಶಿಬಿರದ ಜಾಗ 25 ಕಿಲೋಮೀಟರ್ ಅಂತ ಇಟ್ಕೊಳ್ಳಿ. ಲಗೇಜ್ ಹೇರಿಕೊಂಡ ಮಕ್ಕಳ ತಂಡ ವಿಶ್ರಾಂತಿಯೂ ಸೇರಿ ಗಂಟೆಗೆ 10 ಕಿಲೋಮೀಟರ್ ಹೋದ್ರೆ ದೊಡ್ಡದು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಊಟ ಮಾಡಿ ಒಂದೂವರೆಗೆ ಹೊರಟ್ರೆ ನಾಲ್ಕಕ್ಕೆ ತಲುಪ್ತೀರಿ. ಡಿಸೆಂಬರ್‌ನಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗ್ತಾನೆ. ಅಂದ್ರೆ ಟೆಂಟ್, ನೀರು, ಅಡುಗೆಗೆ ಬೆಳಕಿರೋದು ಎರಡು ಗಂಟೆಗಿಂತ ಕಡಿಮೆ. ದಾರಿಯಲ್ಲಿ ಎರಡು ಪಂಕ್ಚರ್ ಆದ್ರೆ ಅದೂ ಇಲ್ಲ. ಹಾಗಾಗಿ ಮೊದಲ ಶಿಬಿರಕ್ಕೆ 25ಕ್ಕಿಂತ ಜಾಸ್ತಿ ಬೇಡ. ರಾಯಚೂರು ನಗರದಿಂದ ದೇವದುರ್ಗಕ್ಕೇ 50 ಕಿಲೋಮೀಟರ್ ಆಸುಪಾಸು ಇದೆ. ನಗರದ ಮಕ್ಕಳು ಮೊದಲು ಹತ್ತಿರದ ಮಲಿಯಾಬಾದ್ ಕೋಟೆಗೆ ಹೋಗಿ ಬಂದು ಕಾಲು ಪಳಗಿಸಿಕೊಳ್ಳಲಿ. ಆಮೇಲೆ ಹಳೆಯ ಗುಡಿ, ಶಾಸನಗಳಿರೋ ಗಬ್ಬೂರು, ಆಮೇಲೆ ಹೊಳೆ ದಂಡೆ.

ರಸ್ತೆ ಮೇಲೆ ಸಾಲಾಗಿ, ಎಡಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು. ಮುಂದೆ ಲೀಡರ್. ಲೀಡರ್ ಹಿಂದೆ ಯಾರು ಗೊತ್ತಾ? ತಂಡದಲ್ಲಿ ಎಲ್ಲರಿಗಿಂತ ನಿಧಾನ ಇರೋರು. ಅವರ ವೇಗವೇ ತಂಡದ ವೇಗ. ಕೊನೆಯಲ್ಲಿ ಗಟ್ಟಿ ಸವಾರ, ಅವರ ಹತ್ರ ಪಂಪು, ಪಂಕ್ಚರ್ ಸಾಮಾನು. ನಿಧಾನ ಇರೋರನ್ನ ಹಿಂದೆ ಬಿಟ್ರೆ ಏನಾಗುತ್ತೆ? ಮುಂದಿನವರು ನಿಂತು ಕಾಯ್ತಾರೆ, ಹಿಂದಿನವರು ಏದುಸಿರು ಬಿಡ್ತಾ ಬಂದು ಸೇರೋ ಹೊತ್ತಿಗೆ ಮುಂದಿನವರ ವಿಶ್ರಾಂತಿ ಮುಗಿದಿರುತ್ತೆ, ಮತ್ತೆ ಹೊರಡ್ತಾರೆ. ಯಾರಿಗೆ ವಿಶ್ರಾಂತಿ ಬೇಕೋ ಅವರಿಗೇ ಸಿಗಲ್ಲ.

ಭತ್ತದ ಲಾರಿ, ಮರಳಿನ ಟಿಪ್ಪರ್ ಓಡಾಡೋ ರಸ್ತೆಗಳಿವು. ಹಿಂದಿನಿಂದ ಬರೋ ಸದ್ದು ಕೇಳಲೇಬೇಕು. ಹಾಗಾಗಿ ಇಯರ್‌ಫೋನ್ ಬೇಡ. ಹೌದು, ಈ ಪಾಡ್‌ಕಾಸ್ಟ್ ಕೂಡ ಬೇಡ. ಮನೆಗೆ ಬಂದು ಕೇಳಿ.

ಹೊಳೆ: ಮ್ಯಾಪ್ ತೋರಿಸದ ಸಂಗತಿ

ಫೋನಿನ ಮ್ಯಾಪ್‌ನಲ್ಲಿ ಕೃಷ್ಣಾ ನದಿ ಒಂದು ನೀಲಿ ಪಟ್ಟಿ. ಚಂದ ಕಾಣುತ್ತೆ. ದಂಡೆ ಮೇಲೆ ಟೆಂಟ್ ಹಾಕಿ ಫೋಟೋ ತೆಗೆಯೋಣ ಅನಿಸುತ್ತೆ. ಎರಡು ಕಾರಣಕ್ಕೆ ಅದು ತಪ್ಪು.

ಒಂದನೆಯದು ನೀರು. ಮೇಲ್ಗಡೆ ನಾರಾಯಣಪುರದ ಬಸವಸಾಗರ ಜಲಾಶಯ ಇದೆ, ಅದರ ಮೇಲೆ ಆಲಮಟ್ಟಿ, ಅದಕ್ಕೂ ಮೇಲೆ ಮಹಾರಾಷ್ಟ್ರದ ಘಟ್ಟಗಳು. ಅಲ್ಲಿ ಮಳೆಯಾದ್ರೆ ಇಲ್ಲಿ ಹೊಳೆ ಏರುತ್ತೆ. ರಾಯಚೂರಿನಲ್ಲಿ ಒಂದು ಹನಿ ಬೀಳದೇ ಇರಬಹುದು, ಆದ್ರೆ ಜಲಾಶಯದ ಗೇಟ್ ತೆಗೆದ್ರೆ ದಂಡೆ ಮುಳುಗುತ್ತೆ. 2019ರ ಆಗಸ್ಟ್ ನೆನಪಿಸಿಕೊಳ್ಳಿ. ನಾರಾಯಣಪುರದಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತ್ತು. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. ಐದು ಲಕ್ಷದಿಂದ ಗುಣಿಸಿ ನೋಡಿ. ಡಿಸೆಂಬರ್‌ನಲ್ಲಿ ಅಂಥ ಪ್ರವಾಹ ಬರಲ್ಲ ನಿಜ. ಆದ್ರೂ ಬ್ಯಾರೇಜ್ ಇರೋ ಕಡೆ ಗೇಟು ಹಾಕಿದಾಗ, ತೆಗೆದಾಗ ನೀರಿನ ಮಟ್ಟ ಬದಲಾಗುತ್ತೆ.

ಎರಡನೆಯದು ಮೊಸಳೆ. ರಾಯಚೂರು ಜಿಲ್ಲೆಯ ಕೃಷ್ಣಾ ನದಿಯಲ್ಲಿ ಮೊಸಳೆಗಳಿವೆ. ದನ ಕಾಯೋರು, ಬಟ್ಟೆ ಒಗೆಯೋರು, ಮೀನುಗಾರರು ಎಲ್ಲರಿಗೂ ಇದು ಗೊತ್ತು. ಹಾಗಾಗಿ ನಿಯಮ ಸರಳ: ಈಜು ಇಲ್ಲ, ಹೊಳೆಯಲ್ಲಿ ಪಾತ್ರೆ ತೊಳೆಯೋದು ಇಲ್ಲ, ಮುಂಜಾನೆ, ಮುಸ್ಸಂಜೆ ನೀರಿನ ಹತ್ರ ಸುಳಿಯೋದೇ ಇಲ್ಲ. ಹೊಳೆ ನೋಡೋದು ಹಗಲಲ್ಲಿ, ಎತ್ತರದ ಜಾಗದಿಂದ, ದೊಡ್ಡವರ ಜೊತೆ.

ಇಲ್ಲಿ ಸ್ಕೌಟ್ ಪದ್ಧತಿ ಕಲಿಸೋದು ಒಂದು ಹಳೇ ವಿದ್ಯೆ, ಕೇಳೋದು. ಊರಿಗೆ ಹೋದ ತಕ್ಷಣ ಲೀಡರ್ ಮಾಡಬೇಕಾದ ಮೊದಲ ಕೆಲಸ ಟೆಂಟ್ ಹಾಕೋದಲ್ಲ. ಕಟ್ಟೆ ಮೇಲೆ ಕೂತಿರೋ ಹಿರಿಯರ ಹತ್ರ ಹೋಗಿ, ‘ಹೋದ ಸಲ ಹೊಳಿ ಬಂದಾಗ ನೀರು ಎಲ್ಲೀಮಟ ಬಂದಿತ್ತು?’ ಅಂತ ಕೇಳೋದು. ಆ ಉತ್ತರ ಯಾವ ಆ್ಯಪ್‌ನಲ್ಲೂ ಸಿಗಲ್ಲ.

ಎಲ್ಲಿ ಮಲಗೋದು, ಏನು ತಿನ್ನೋದು?

ಮೊದಲ ಸಲಕ್ಕೆ ಊರಿನ ಸರ್ಕಾರಿ ಶಾಲೆಯ ಆವರಣವೇ ಒಳ್ಳೇದು. ಅನುಮತಿ ಮೊದಲೇ ಪಡೆದಿರಬೇಕು. ನೀರು, ಶೌಚಾಲಯ, ಕಾಂಪೌಂಡ್ ಇರುತ್ತಾ ವಿಚಾರಿಸಿ. ಬಯಲಲ್ಲಿ ಟೆಂಟ್ ಹಾಕೋದಾದ್ರೆ ಎರೆ ಮಣ್ಣಿನ ಮೇಲೆ ಬೇಡ. ಒಣಗಿದ ಎರೆಯಲ್ಲಿ ಬಿರುಕು, ಗೂಟ ನಿಲ್ಲಲ್ಲ. ಮರಂ ನೆಲ ಹುಡುಕಿ.

ಬಿರುಕು ಅಂದಮೇಲೆ ಹಾವು. ಹತ್ತಿ ಹೊಲ, ಭತ್ತದ ಗದ್ದೆ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ನಾಗರ, ಕೊಳಕುಮಂಡಲ, ಕಟ್ಟುಹಾವು. ಕಟ್ಟುಹಾವು ಕಚ್ಚೋದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿರೋರನ್ನ. ಸೊಳ್ಳೆ ಪರದೆಯನ್ನ ಹಾಸಿಗೆ ಕೆಳಗೆ ಸುತ್ತಲೂ ಸಿಕ್ಕಿಸಿ ಮಲಗಿದ್ರೆ ಸೊಳ್ಳೆಗೂ ತಡೆ, ಹಾವಿಗೂ ತಡೆ. ರಾತ್ರಿ ಎದ್ರೆ ಟಾರ್ಚ್, ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳೋದು. ಅಕಸ್ಮಾತ್ ಕಚ್ಚಿದ್ರೆ ಕೊಯ್ಯಬೇಡಿ, ಚೀಪಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ಮಾಡಿ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೊರಡಿ. ವಿಷಕ್ಕೆ ಔಷಧಿ ಇರೋದು ಅಲ್ಲಿ ಮಾತ್ರ. ಹತ್ತಿರದ ಆಸ್ಪತ್ರೆ ಎಷ್ಟು ದೂರ, ರಾತ್ರಿ ಗಾಡಿ ಯಾರ ಹತ್ರ ಇದೆ ಅನ್ನೋದು ಹೊರಡೋ ಮುಂಚೆಯೇ ಕಾಗದದ ಮೇಲೆ ಬರೆದಿರಬೇಕು. ಫೋನ್ ಚಾರ್ಜ್ ಮುಗಿದ್ರೂ ಕಾಗದ ಓದೋಕೆ ಬರುತ್ತೆ.

ಊಟಕ್ಕೆ ನಮ್ಮ ಸೀಮೆಯಷ್ಟು ಸುಲಭದ ಸೀಮೆ ಇಲ್ಲ. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಕೆಡಲ್ಲ, ಭಾರ ಇಲ್ಲ, ಬೆಂಕಿ ಬೇಡ. ರಾತ್ರಿ ಒಂದೇ ಪಾತ್ರೆಯಲ್ಲಿ ಕಿಚಡಿ: ತಲೆಗೆ 100 ಗ್ರಾಂ ಅಕ್ಕಿ, ಅದರ ಅರ್ಧ ಬೇಳೆ. ಬೆಳಿಗ್ಗೆ ಮಂಡಕ್ಕಿ ಸೂಸ್ಲಾ. ಕುಡಿಯೋ ನೀರು ತಲೆಗೆ ದಿನಕ್ಕೆ ಮೂರು ಲೀಟರ್ ಲೆಕ್ಕ ಹಿಡೀರಿ.

ಪಾತ್ರೆ ತೊಳೆಯೋರು ಯಾರು?

ಸಣ್ಣ ಪ್ರಶ್ನೆ ಅನಿಸಬಹುದು. ಶಿಬಿರದ ಅತಿ ದೊಡ್ಡ ಪ್ರಶ್ನೆ ಇದೇ. ಪೆಟ್ರೋಲ್ ಪದ್ಧತಿಯಲ್ಲಿ ಕೆಲಸ ಪಾಳಿ ಪ್ರಕಾರ: ಅಡುಗೆ ಇಬ್ಬರು, ನೀರು ಇಬ್ಬರು, ಸ್ವಚ್ಛತೆ ಇಬ್ಬರು, ರಾತ್ರಿ ಕಾವಲು ಇಬ್ಬರು. ಮುಂದಿನ ಊಟಕ್ಕೆ ಪಾಳಿ ಬದಲು. ಹುಡುಗ ಅಂತ ಅಡುಗೆಯಿಂದ ತಪ್ಪಿಸಿಕೊಳ್ಳೋ ಹಾಗಿಲ್ಲ. ಇಂಥ ಓಣಿಯ ಮಗು ಅಂತ ಕಸಬರಿಗೆ ಅವನ ಕೈಗೇ ಕೊಡೋ ಹಾಗಿಲ್ಲ. ಒಂದೇ ಪಾತ್ರೆ, ಒಂದೇ ಸಾಲು, ಒಂದೇ ಹೊತ್ತಿಗೆ ಊಟ. ಮನೆಯಲ್ಲಿ, ಊರಲ್ಲಿ ನಡೆಯದ ಸಂಗತಿ ಒಂದು ರಾತ್ರಿ ಶಿಬಿರದಲ್ಲಿ ನಡೆದು ಬಿಟ್ರೆ, ಅದು ನಡೆಯಬಹುದಾದ ಸಂಗತಿ ಅಂತ ಎಂಟು ಮಕ್ಕಳಿಗಾದ್ರೂ ಗೊತ್ತಾಗುತ್ತೆ. ಆದ್ರೆ ಇದು ತಾನಾಗಿ ಆಗಲ್ಲ. ಪಾಳಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ರೆ ಮಾತ್ರ ಆಗುತ್ತೆ. ಪಟ್ಟಿ ಇಲ್ಲದ ಶಿಬಿರದಲ್ಲಿ ಊರಿನ ಹಳೇ ಪಟ್ಟಿಯೇ ನಡೆಯುತ್ತೆ.

ಹುಡುಗಿಯರ ವಿಷಯವೂ ಅಷ್ಟೇ. ಗೈಡ್ ತಂಡದ ಜೊತೆ ಗೈಡ್ ಕ್ಯಾಪ್ಟನ್, ಅಂದ್ರೆ ಮಹಿಳಾ ಶಿಕ್ಷಕಿ ಇರಲೇಬೇಕು. ಯಾವ ತಂಡವಾದ್ರೂ ಇಬ್ಬರು ದೊಡ್ಡವರು ಇರಬೇಕು, ಒಬ್ಬರೇ ಸಾಲದು. ಪೋಷಕರ ಲಿಖಿತ ಒಪ್ಪಿಗೆ, ಮುಖ್ಯಶಿಕ್ಷಕರ ಅನುಮತಿ, ಹೋಗೋ ಊರಿನ ಪಂಚಾಯಿತಿಗೆ ಮಾಹಿತಿ, ಇವು ಇಲ್ಲದೆ ಸೈಕಲ್ ಸ್ಟ್ಯಾಂಡ್ ತೆಗೆಯಬಾರದು.

ಹಾಗಾದ್ರೆ ನೀವೇನು ಮಾಡಬಹುದು?

ಶಾಲೆಯಲ್ಲಿದ್ರೆ, ನಿಮ್ಮ ಶಾಲೆಯಲ್ಲಿ ಸ್ಕೌಟ್ ಅಥವಾ ಗೈಡ್ ಘಟಕ ಇದೆಯಾ ಕೇಳಿ. ಇದ್ರೆ ಇನ್ನೊಂದು ಪ್ರಶ್ನೆ ಕೇಳಿ: ‘ಸರ್, ನಾವು ಶಿಬಿರಕ್ಕೆ ಯಾವಾಗ ಹೋಗೋದು?’ ಪರೇಡಿಗೆ ಮಾತ್ರ ಇರೋ ಘಟಕ ಅರ್ಧ ಘಟಕ ಅಷ್ಟೇ. ಕಾಲೇಜಿನಲ್ಲಿದ್ರೆ ರೋವರ್, ರೇಂಜರ್ ವಿಭಾಗ ಇದೆ, 25 ವರ್ಷದವರೆಗೂ ಇರಬಹುದು. ನಿಮ್ಮ ಹಳೇ ಶಾಲೆಯ ಮಕ್ಕಳ ಜೊತೆ ಹೋಗೋಕೆ ಇನ್ನೊಬ್ಬ ದೊಡ್ಡವರು ಬೇಕಿರ್ತಾರೆ. ಅಧಿಕೃತವಾಗಿ ನೋಂದಾಯಿಸಿಕೊಂಡು, ತರಬೇತಿ ಪಡೆದು ಆ ಜಾಗ ನೀವು ತುಂಬಬಹುದು.

ಟೆಂಟ್ ಇಲ್ಲ, ಗೇರ್ ಸೈಕಲ್ ಇಲ್ಲ ಅಂತ ಶಿಬಿರ ನಿಂತಿಲ್ಲ. ನಿಂತಿರೋದು ಮಕ್ಕಳಿಗೆ ಬಿಡುವಿಲ್ಲ, ಕರ್ಕೊಂಡು ಹೋಗೋ ದೊಡ್ಡವರಿಲ್ಲ ಅನ್ನೋ ಕಾರಣಕ್ಕೆ. ಎರಡನೆಯದನ್ನ ನೀವು ಸರಿಮಾಡಬಹುದು. ಮೊದಲನೆಯದಕ್ಕೆ, ಮನೆಯವರ ಜೊತೆ ಕೂತು ಒಂದೇ ಒಂದು ಭಾನುವಾರ ಕೇಳಿ ನೋಡಿ.

ಸಂಚಿಕೆ ಇಷ್ಟ ಆದ್ರೆ ನಿಮ್ಮ ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ. ನಿಮ್ಮೂರಿನ ಹೊಳೆ, ಗುಡ್ಡ, ಕೋಟೆ ಹತ್ರ ಒಳ್ಳೆ ಶಿಬಿರದ ಜಾಗ ಇದ್ರೆ ನಮಗೂ ಹೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.